ಲೆಚೂಸಾಳ ಏಳು ವರ್ಷ

ದೊನ್ ಎವರಿಸ್ತೊ ಅದೇ ವಾರ ಮೂರನೇ ಸಲ ಬಾಗಿಲು ತಟ್ಟಿದಾಗ ಮಾಕ್ರಿನಾಗೆ ರೇಗಿಹೋಯಿತು. ತೊರೆಯೋನ್ ಊರಿನ ಕುಸ್ತಿ ಅಖಾಡದ ಗೋಡೆಗೆ ಹೆಂಗಸರ ಪಟ್ಟದ ಚರಿತ್ರೆ ಬರೆಸುವ ಕೆಲಸ ಈ ನಿವೃತ್ತ ಅಂಚೆಯವನ ಕೊರಳಿಗೆ ಬಿದ್ದಿತ್ತು. ಯಾರು ಗೆದ್ದರು, ಎಷ್ಟು ಕಾಲ ಉಳಿಸಿಕೊಂಡರು, ಎಲ್ಲ ತಾರೀಖು ಸಮೇತ. ಎಲ್ಲರಿಗಿಂತ ಹೆಚ್ಚು ಕಾಲ, ಏಳು ವರ್ಷ, ಆಳಿದವಳು ಬಿಳಿ ಮುಖವಾಡದ ಲಾ ಲೆಚೂಸಾ, ಅಂದರೆ ಗೂಬೆ. ಅದರೊಳಗಿದ್ದವಳು ಮಾಕ್ರಿನಾಳ ಅಕ್ಕ ತೊಮಾಸಾ ಎಂದು ಓಣಿಗೆಲ್ಲ ಗೊತ್ತು, ಯಾರೂ ಬಾಯಿಬಿಡರು. ಸೋತು ಮುಖವಾಡ ಕಳಚಿದರಷ್ಟೇ ಹೆಸರು ಹೊರಬೀಳಬೇಕು. ಅದು ಕಸುಬಿನ ಮರ್ಯಾದೆ. ಲೆಚೂಸಾಳ ಮುಖವಾಡ ಕಳಚಲೇ ಇಲ್ಲ.

ಈಗ ಮುದುಕ ಹೊಸ ತೊಡಕು ತಂದಿದ್ದ. ತೊಮಾಸಾಳ ಮಗ ಹುಟ್ಟಿದ್ದು ಎಂಬತ್ತೇಳರ ಅಕ್ಟೋಬರಿನಲ್ಲಿ. ಅದೇ ವಾರ ಲೆಚೂಸಾ ಕುಸ್ತಿ ಗೆದ್ದು ಪಟ್ಟ ಉಳಿಸಿಕೊಂಡಿದ್ದಾಳೆ. ಹೆರುವವಳು ಕುಸ್ತಿಯಾಡುವುದುಂಟೆ? ಆ ವರ್ಷದ ಕುಸ್ತಿಗಳನ್ನು ಹೊಡೆದುಹಾಕಿ, ಪಟ್ಟ ಖಾಲಿಯಿತ್ತು ಎಂದು ಬರೆಸುತ್ತೇನೆ ಎಂದ.

ಮಗನ ಹುಟ್ಟಿದ ದಿನವೇ ತಪ್ಪು ಎಂದು ಮೇಜಿನ ಆಚೆ ಕೂತಿದ್ದ ತೊಮಾಸಾ ಶುರುಮಾಡಿದಳು.

ಮಾಕ್ರಿನಾ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆಯ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಅಕ್ಕ ಬಸುರಿಯಿದ್ದ ಆ ವರ್ಷ ಮುಖವಾಡ ಹೊಲಿದವಳೂ ಅವಳೇ, ಹಾಕಿಕೊಂಡವಳೂ ಅವಳೇ. ಮೂರು ಕುಸ್ತಿ. ಅಕ್ಟೋಬರಿನ ಕೊನೆಯದರಲ್ಲಿ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಆಮೇಲೆ ಪ್ರತಿ ಕ್ರಿಸ್ಮಸ್ಸಿಗೂ ಆ ಮೂರನ್ನು ಅಕ್ಕ ತನ್ನವೆಂದು ಕೊಚ್ಚಿಕೊಳ್ಳುವುದು, ತಾನು ಬಡಿಸುತ್ತ ಕೇಳಿಸಿಕೊಳ್ಳುವುದು. ಈಗ ಗೋಡೆಯಿಂದಲೂ ಅಳಿಸಿದರೆ ಅವು ನಡೆದೇ ಇಲ್ಲವೆಂದಾಯಿತು.

"ಸುಮ್ನಿರಕ್ಕ. ನಿನ್ ಮಗನ್ನ ಇನ್ನೊಂದ್ಸಲ ಹುಟ್ಟಿಸ್ಬೇಡ," ಎಂದು ಮುದುಕನತ್ತ ತಿರುಗಿದಳು. "ಪಟ್ಟ ಕೊಟ್ಟಿದ್ದು ಯಾರಿಗೆ, ದೊನ್ ಎವರಿಸ್ತೊ?"

"ಲೆಚೂಸಾಗೆ."

"ಅವತ್ತು ಮುಖವಾಡ ಕಳಚಿತ್ತಾ?"

"ಇಲ್ಲ."

"ಮತ್ತೆ? ಹೆತ್ತಿದ್ದು ತೊಮಾಸಾ, ಕುಸ್ತಿಯಾಡಿದ್ದು ಲೆಚೂಸಾ. ಮುಖವಾಡ ಯಾವತ್ತಾದ್ರೂ ಬಸುರಾಗುತ್ತಾ?"

ಹೇಳುತ್ತಲೇ ಅವಳು ತಮಾಲೆಯ ಸಿಪ್ಪೆ ಬಿಡಿಸುತ್ತಿದ್ದಳು. ಮುದುಕನ ಕಣ್ಣು ಅವಳ ಕಿರುಬೆರಳ ಮೇಲೆ ನಿಂತಿತು. ಅವನು ತೆರೆದಿಟ್ಟಿದ್ದ ಕಡತದಲ್ಲಿ ಆ ಅಕ್ಟೋಬರಿನದೇ ಫೋಟೊ ಇತ್ತು: ತೀರ್ಪುಗಾರ ಎತ್ತಿ ಹಿಡಿದ ಲೆಚೂಸಾಳ ಕೈ, ಹೊರಕ್ಕೆ ಸೊಟ್ಟಗಾದ ಬೆರಳು. ತೊಮಾಸಾಳ ನೆಟ್ಟಗಿನ ಬೆರಳುಗಳನ್ನೂ ಒಮ್ಮೆ ನೋಡಿದ. ಕಸುಬಿನ ಮರ್ಯಾದೆ ಅವನಿಗೂ ಉಂಟಲ್ಲ, ಕಡತ ಮುಚ್ಚಿದ.

"ಪಟ್ಟ ಖಾಲಿ ಇರ್ಲಿಲ್ಲ," ಎಂದು ದಾಖಲೆ ಪುಸ್ತಕವನ್ನು ಮುಂದೆ ಸರಿಸಿದ. ಪಟ್ಟ ಗೆದ್ದವರು ತಮ್ಮ ಸಾಲಿನ ಕೆಳಗೆ ಸಹಿ ಹಾಕಬೇಕು. ತೊಮಾಸಾ ಕೈ ಒರೆಸಿಕೊಂಡು ಪೆನ್ನಿಗೆ ಕೈಚಾಚಿದಳು. ಅಷ್ಟರಲ್ಲಿ ಮಾಕ್ರಿನಾ ಅದನ್ನು ಎತ್ತಿಕೊಂಡಿದ್ದಳು.

"ನಿಂಗೆ ಕಣ್ಣು ಕಾಣ್ಸಲ್ಲ, ಬಿಡಕ್ಕ."

ಕನ್ನಡಕ ತೊಮಾಸಾಳ ಮೂಗಿನ ಮೇಲೇ ಇತ್ತು. ತಂಗಿಯ ಮುಖ ನೋಡಿ ಅವಳು ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಮಾಕ್ರಿನಾ ನಿಧಾನವಾಗಿ 'ಲಾ ಲೆಚೂಸಾ' ಎಂದು ಬರೆದಳು.

ತೊಮಾಸಾ ಬಗ್ಗಿ ನೋಡಿದಳು. "ಅಕ್ಷರ ಸೊಟ್ಟ."

"ಬೆರಳೂ ಸೊಟ್ಟ," ಎಂದು ಮಾಕ್ರಿನಾ ಪೆನ್ನು ಕೆಳಗಿಟ್ಟಳು.