ಹಳೇ ಅಳತೆ

ಹಳೇ ಅಳತೆಗೆ ಹೊಲಿಯುವುದಿಲ್ಲ, ಇದು ಟೈಲರಕ್ಕನ ಅಂಗಡಿಯ ಕಾನೂನು. "ಹೋದ ವರ್ಷದ ಚೀಟಿನೇ ಇದೆಯಲ್ಲ ಅಕ್ಕ, ನಾನೇನು ಬದಲಾಗಿಲ್ಲ" ಎಂದು ಯಾರಾದರೂ ಅಂದರೆ ಮುಗಿಯಿತು. "ಅದನ್ನ ನೀವು ಹೇಳಿದ್ರೆ ಆಯ್ತಾ? ಟೇಪು ಹೇಳ್ಬೇಕು" ಎಂದು ಹಿಡಿದು ತಿರುಗಿಸಿ ನಿಲ್ಲಿಸುವಳು. ಬೀದಿಯಲ್ಲಿ ಯಾರ ಹೊಟ್ಟೆ ಮುಂದೆ ಬಂದಿದೆ, ಯಾರು ಸೊರಗಿದ್ದಾರೆ ಎಂಬುದು ಅವರವರ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತು.

ಅವಳ ಬೆನ್ನು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅಂಗಡಿಯ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದಳು. ಮೂಳೆ ಕೂಡಿತು, ನೋವು ಉಳಿಯಿತು. "ಬರ್ತಾ ಬರ್ತಾ ಅಭ್ಯಾಸ ಆಗುತ್ತಮ್ಮ" ಎಂದಿದ್ದರು ಡಾಕ್ಟರು. ಪುಣ್ಯಾತ್ಮರ ಮಾತು ಅರ್ಧ ನಿಜ. ಕೈಗೆ ಅಭ್ಯಾಸವಾಯಿತು. ಬಗ್ಗದೆ ಬಟ್ಟೆ ಕತ್ತರಿಸಲು ಮೇಜಿನ ಕಾಲುಗಳಿಗೆ ಇಟ್ಟಿಗೆ ಕೊಟ್ಟಳು. ಬಿದ್ದ ಸೂಜಿ ಎತ್ತಲು ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿದಳು. ಎರಡು ತೋಳು ಹೊಲಿದರೆ ಹತ್ತು ನಿಮಿಷ ಅದೇ ಮೇಜಿನ ಮೇಲೆ ಅಂಗಾತ ಮಲಗುವಳು. ಬೆನ್ನಿಗೆ ಮಾತ್ರ ಅಭ್ಯಾಸವಾಗಲಿಲ್ಲ. ನೋವು ದಿನಾ ಬೆಳಿಗ್ಗೆ ಹೊಸ ನೆಂಟನ ಹಾಗೆ ಬಂದು ಕೂರುತ್ತಿತ್ತು.

ದೂರದೂರಿನ ತಂಗಿ ಭಾನುವಾರ ಫೋನ್ ಮಾಡುವಳು. "ಬೆನ್ನು ಹೇಗಿದೆ ಅಕ್ಕ?"

"ಇದ್ದ ಕಡೆನೇ ಇದೆ ಕಣೆ."

ಇಬ್ಬರೂ ನಗುತ್ತಿದ್ದರು. ನಾಲ್ಕೈದು ವರ್ಷ ಆ ತಮಾಷೆ ನಡೆಯಿತು. ಆಮೇಲೆ ತಂಗಿ ಕೇಳುವುದನ್ನೇ ಬಿಟ್ಟಳು. ಅವಳದು ತಪ್ಪೆನ್ನುವ ಹಾಗಿಲ್ಲ, ದಿನಾ ಸಾಯೋರಿಗೆ ಅಳೋರ್ಯಾರು? ಆದರೂ ಫೋನಿಟ್ಟ ಮೇಲೆ ಟೈಲರಕ್ಕನಿಗೆ ಆ ಸಣ್ಣ ಅಂಗಡಿ ತೀರಾ ದೊಡ್ಡದೆನಿಸುತ್ತಿತ್ತು. ಒಂದೇ ಒಂದು ಸಲ ಯಾರಾದರೂ ನಿಜವಾಗಿ ಕೇಳಲಿ ಎಂದು ಅವಳಿಗೆ ಆಸೆ.

ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. "ಊರಿಗೆಲ್ಲ ಹೊಲಿದಿದ್ದು ಸಾಕು, ನಿಂಗೊಂದು ಕೋಟು ಹೊಲ್ಕೊಂಡು ಬಾ" ಎಂದಳು ತಂಗಿ. ಟೈಲರಕ್ಕ ಒಳ್ಳೇ ಬಟ್ಟೆ ತೆಗೆದಳು. ಆದರೆ ತನ್ನ ಬೆನ್ನನ್ನು ತಾನೇ ಅಳೆಯುವುದು ಹೇಗೆ? ಪೆಟ್ಟಿಗೆಯ ತಳದಲ್ಲಿ, ಅವಳು ಬೀಳುವ ಮುಂಚೆ ಜೊತೆಗಿದ್ದಾಗ ತಂಗಿ ಅವಳ ಅಳತೆ ತೆಗೆದು ಬರೆದಿಟ್ಟ ಚೀಟಿಯಿತ್ತು. ಕಾನೂನು ಮಾಡಿದವಳೇ ಕಾನೂನು ಮುರಿದಳು.

ಕೋಟು ಎಡಕ್ಕೆ ಇಳಿಬಿತ್ತು, ಬೆನ್ನಲ್ಲಿ ಸುಕ್ಕು ಕಟ್ಟಿತು. ಎರಡು ಸಲ ಬಿಚ್ಚಿ ಹೊಲಿದಳು. ಬಟ್ಟೆಯನ್ನು ಬೈದಳು, ಕತ್ತರಿಯನ್ನು ಬೈದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮದುವೆಗೆ ಕರೆಯಲು ತಂಗಿ ಬಂದಾಗ, "ಸ್ವಲ್ಪ ಟೇಪು ಹಿಡಿ" ಎಂದು ಟೈಲರಕ್ಕ ಅವಳ ಕಡೆ ಬೆನ್ನು ಮಾಡಿ ನಿಂತಳು.

"ನೆಟ್ಟಗೆ ನಿಂತ್ಕೊ ಅಕ್ಕ."

"ನಿಂತಿದೀನಿ."

"ಎಡಗಡೆ ಹೆಗಲು ಎತ್ತು. ವಾಲಬೇಡ."

"ಇಷ್ಟೇ ಕಣೆ. ಇದೇ ನನ್ನ ನೆಟ್ಟಗೆ."

ಟೇಪು ಬೆನ್ನ ಮೇಲೆ ನಿಂತುಬಿಟ್ಟಿತು. ತಂಗಿ ಮೇಜಿನ ಮೇಲಿದ್ದ ತನ್ನದೇ ಅಕ್ಷರದ ಹಳೇ ಚೀಟಿ ನೋಡಿದಳು, ಮತ್ತೆ ಟೇಪು ನೋಡಿದಳು. ಸೊಂಟದಿಂದ ಎಡ ಹೆಗಲಿಗೆ ಒಂದೂವರೆ ಇಂಚು ಕಮ್ಮಿ.

"ನಿಂಗೆ ಅಭ್ಯಾಸ ಆಗೋಗಿದೆ ಅನ್ಕೊಂಡಿದ್ದೆ."

"ಅಭ್ಯಾಸ ಆಗಿದ್ದು ನಿಮಗೆಲ್ಲ."

ಅಷ್ಟು ಖಾರವಾಗಿ ಹೇಳಬೇಕೆಂದಿರಲಿಲ್ಲ. ತಂಗಿ ಹಳೇ ಚೀಟಿಯನ್ನು ಮಡಚಿಟ್ಟಳು. ಸಣ್ಣ ದನಿಯಲ್ಲಿ, "ಈಗಲೂ ನೋಯುತ್ತಾ?" ಎಂದಳು.

ಹಳೇ ತಮಾಷೆ ನಾಲಿಗೆ ತುದಿಗೆ ಬಂತು. ಟೈಲರಕ್ಕ ಅದನ್ನು ನುಂಗಿಕೊಂಡಳು. "ನೋಯುತ್ತೆ. ದಿನಾ ನೋಯುತ್ತೆ."

ತಂಗಿ ಹೊಸ ಚೀಟಿ ಬರೆದುಕೊಟ್ಟು ಐದು ಗಂಟೆಯ ಬಸ್ಸಿಗೆ ಹೋದಳು. ಅಂಗಡಿಯಲ್ಲಿ ಮತ್ತೆ ಅವಳೊಬ್ಬಳೇ. ಕೋಟಿನ ಎಡ ಹೆಗಲನ್ನು ಒಂದೂವರೆ ಇಂಚು ಇಳಿಸಿ ಕತ್ತರಿಸಿದಳು. ಒಳಗೆ ಹತ್ತಿ ಕೊಟ್ಟು ಎರಡೂ ಹೆಗಲನ್ನು ಸಮ ಮಾಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಎಷ್ಟು ಜನಕ್ಕೆ ಮಾಡಿಕೊಟ್ಟಿರಲಿಲ್ಲ?

ಈ ಸಲ ಹತ್ತಿಯನ್ನು ಮುಟ್ಟದೆ ಡಬ್ಬಿ ಮುಚ್ಚಿ ಅಟ್ಟದ ಮೇಲಿಟ್ಟಳು. ನೋಡುವವರು ನೋಡಲಿ.