ಬಾಗಿಲ ಬಳಿ ನಿಂತು ಕೇಳಿದ್ದು

ಈಶಾನ್ಯದ ಆ ಗುಡ್ಡದೂರಿನಲ್ಲಿ ಮಾವ್ಲಾಯ್‌ನಿಂದ ಪೊಲೀಸ್ ಬಜಾರಿಗೆ ಹೋಗುವ ಶೇರ್ ಟ್ಯಾಕ್ಸಿಯಲ್ಲಿ ಹಿಂದೆ ನಾಲ್ಕು ಜನರನ್ನು ತುರುಕಿದ್ದರು. ಕಿಟಕಿಯ ಪಕ್ಕ ಒತ್ತಿಕೊಂಡು ಕೂತಿದ್ದ ಶಾನ್‌ಬೋರ್‌ಗೆ ದಾರಿ ಉದ್ದಕ್ಕೂ ಆಕಳಿಕೆ. ನಿದ್ದೆ ಇಲ್ಲದ ಆಕಳಿಕೆಯಲ್ಲ ಅದು. ಮೂವತ್ತು ವರ್ಷ ಮದುವೆಮನೆ, ಚರ್ಚಿನ ಸಭೆ, ಹೋಟೆಲು ಅಂತ ಗಿಟಾರ್ ಹೊತ್ತು ತಿರುಗಿದವನಿಗೆ ಹತ್ತಿಕೊಳ್ಳುವ ಆಕಳಿಕೆ. ನಿದ್ದೆ ಮಾಡಿದರೂ ಹೋಗುವುದಿಲ್ಲ.

ಪಕ್ಕದಲ್ಲಿ ತಂಗಿಯ ಮಗಳು ಐಹುನ್ ಕೂತಿದ್ದಳು. ಕಾಲೇಜು ಮುಗಿಸಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವಳು, ಇವತ್ತು ರಜೆ ಹಾಕಿ ಮಾಮನ ಜೊತೆ ಬಂದಿದ್ದಳು. ಗಿಟಾರ್ ಹಿಡಿಯುವುದನ್ನು ಅವಳಿಗೆ ಕಲಿಸಿದ್ದೂ ಅವನೇ.

"ಮಾಮಾ, ಮಾಮಿ ಏನಂದ್ರು?"

"ಒಂದೇ ಸಾಮಾನು ತಗೊಂಡು ಬಾ ಅಂದ್ಲು. ಎರಡು ತಂದ್ರೆ ಎರಡನೇದರ ಜೊತೆ ನೀನೂ ಹೊರಗೇ ಮಲ್ಕೋ ಅಂದ್ಲು."

ಐಹುನ್ ನಕ್ಕಳು. ಹೆಂಡತಿ ಮೆರಿಟಾ ಆಸ್ಪತ್ರೆ ಎದುರಿಗೆ ಜಾಡೊ ಅನ್ನ ಮಾರುತ್ತಾಳೆ. ಹಂದಿಮಾಂಸದ ಹಬೆಯಲ್ಲಿ ಬೆಳಗಿನಿಂದ ನಿಂತು ಉಳಿಸಿದ ದುಡ್ಡದು. ಕೊಡುವಾಗ ಅವಳು ಮುಖ ಗಂಟು ಹಾಕಲಿಲ್ಲ, ಅದೇ ಶಾನ್‌ಬೋರ್‌ಗೆ ಇನ್ನೂ ಭಾರವಾಗಿತ್ತು.

ಕೆಟ್ಟಿದ್ದು ಮಾತ್ರ ಎರಡೂ. ಗಿಟಾರಿನ ಕತ್ತು ಬಾಗಿ, ತಂತಿ ಒತ್ತುವ ಕಡೆಯೆಲ್ಲ ಸವೆದು ಗುಳಿ ಬಿದ್ದಿತ್ತು. ಆಂಪ್ಲಿಫೈಯರ್ ಅನ್ನುವ ಡಬ್ಬಿ ಹಾಡಿಗಿಂತ ಜೋರಾಗಿ ತಾನೇ ಗುಂಯ್‌ಗುಡುತ್ತಿತ್ತು. ಹೋದ ಶನಿವಾರ ಲೈತುಮ್‌ಖ್ರಾದ ಹೋಟೆಲಿನ ಮ್ಯಾನೇಜರ್ ಅವನನ್ನು ಮೆಟ್ಟಿಲ ಹತ್ತಿರ ಕರೆದು, ಬಾಹ್, ಅಂದರೆ ಅಣ್ಣ, ಅಂತ ಬಹಳ ಮರ್ಯಾದೆಯಿಂದಲೇ ಹೇಳಿದ್ದ: "ಬಾಹ್ ಶಾನ್, ಸೌಂಡು ಮೊದಲಿನ ಹಾಗಿಲ್ಲ ಅಂತ ಗಿರಾಕಿಗಳು ಅಂತಾರೆ. ಬರೋ ಶನಿವಾರ ನೋಡೋಣ. ಆಗ್ಲಿಲ್ಲ ಅಂದ್ರೆ ಕಾಲೇಜು ಹುಡುಗ್ರದ್ದೊಂದು ಬ್ಯಾಂಡ್ ಕೇಳ್ತಿದೆ." ಶನಿವಾರದ ಆ ಜಾಗ ಹೋದರೆ ಶಾನ್‌ಬೋರ್ ಗಿಟಾರ್ ನುಡಿಸುವವನಲ್ಲ, ಒಂದು ಕಾಲದಲ್ಲಿ ನುಡಿಸುತ್ತಿದ್ದವನು. ಊರಲ್ಲಿ ಅಂಥವರು ಬೇಕಾದಷ್ಟಿದ್ದಾರೆ, ಚಹಾದಂಗಡಿಗಳಲ್ಲಿ ಕೂತು ತಮ್ಮ ಕಾಲದ ಮಾತಾಡುತ್ತಾರೆ. ಆ ಬೆಂಚಿನ ಮೇಲೆ ಕೂರುವುದಕ್ಕೆ ಅವನಿಗೆ ಮನಸ್ಸಿರಲಿಲ್ಲ. ಏಳುವ ಶಕ್ತಿಯೂ ಅಷ್ಟಕ್ಕಷ್ಟೇ ಇತ್ತು.

"ಹಳೇ ಗಿಟಾರ್ ಕೊಟ್ಟು ಮೇಲೆ ದುಡ್ಡು ಹಾಕಿದ್ರೆ ಎರಡೂ ಬರ್ತಿತ್ತೇನೋ," ಎಂದ.

"ಅದು ನಿಂದಲ್ಲ ಮಾಮಾ, ನಮ್ಮನೇದು. ಅಮ್ಮ ಬಿಡ್ತಾಳಾ?"

ಮಾತು ನಿಜ. ಅವರ ಜನರಲ್ಲಿ ಗಂಡಸು ಮದುವೆಗೆ ಮುಂಚೆ ದುಡಿದದ್ದು ತಾಯಿಮನೆಗೆ, ಮದುವೆಯಾದ ಮೇಲೆ ದುಡಿದದ್ದು ಹೆಂಡತಿಮನೆಗೆ. ಶಾನ್‌ಬೋರ್ ಆ ಗಿಟಾರ್ ಕೊಂಡದ್ದು ಕಲ್ಲಿದ್ದಲ ಲಾರಿ ತುಂಬುತ್ತಿದ್ದ ಬ್ರಹ್ಮಚಾರಿ ದಿನಗಳಲ್ಲಿ. ಮದುವೆಯ ದಿನ ಅದನ್ನು ಹೆಗಲಿಗೇರಿಸಿ ಹೊರಟಾಗ ಅವನ ತಾಯಿ ಬಾಗಿಲಲ್ಲಿ ನಿಂತು, "ತಗೊಂಡ್ಹೋಗು, ಆದ್ರೆ ಮನೇದು ಅಂತ ನೆನಪಿರ್ಲಿ" ಎಂದಿದ್ದರು. ತಾಯಿ ಹೋದಮೇಲೆ ಮನೆ ಕಿರಿಮಗಳು ಸಿಲ್ಬಿಗೆ ಬಂತು. ಸಿಲ್ಬಿಯ ನಂತರ ಅವಳ ಕಿರಿಮಗಳು ಐಹುನ್‌ಗೆ. ಮನೆಯ ಜೊತೆ ಹಂಡೆ, ಪಾತ್ರೆ, ಸತ್ತವರ ಕಾರ್ಯದ ಹೊಣೆ, ಲೆಕ್ಕಕ್ಕೆ ಹಿಡಿದರೆ ಈ ಗಿಟಾರೂ.

ಪೊಲೀಸ್ ಬಜಾರಿನ ಗಿಟಾರ್ ಅಂಗಡಿಯ ಯಜಮಾನ ಬಾಹ್ ಕಿರ್ಮೆನ್ ಒಲೆಯ ಕೆಂಡದ ಮೇಲೆ ಕೈ ಕಾಯಿಸುತ್ತ ಕೂತಿದ್ದ. ಶಾನ್‌ಬೋರ್‌ನನ್ನು ಕಂಡು ಎಲೆ, ಅಡಿಕೆ, ಸುಣ್ಣ ಸೇರಿಸಿ ಮಡಚಿ ಕೊಟ್ಟ.

"ಅಂತೂ ನೀನೂ ಬಂದೆ. ಇಷ್ಟು ವರ್ಷ ಊರಿನ ಹುಡುಗರನ್ನೆಲ್ಲ ಕಳಿಸ್ತಿದ್ದೆ, ನೀನು ಮಾತ್ರ ಒಂದು ತಂತಿ ಜಾಸ್ತಿ ಕೊಂಡೋನಲ್ಲ."

"ಹುಡುಗರ ಹತ್ರ ದುಡ್ಡಿರುತ್ತೆ ಕಿರ್ಮೆನ್. ನನ್ನ ಹತ್ರ ಬುದ್ಧಿ ಇರುತ್ತೆ."

"ಅದನ್ನ ಎಲ್ಲೂ ತಗೊಳಲ್ಲ."

ಗೋಡೆಯಿಂದ ಒಂದು ಗಿಟಾರ್ ಇಳಿಯಿತು, ಜೇನಿನ ಬಣ್ಣದ್ದು. ಅದನ್ನು ಅಂಗಡಿಯ ಮೂಲೆಯಲ್ಲಿದ್ದ ಹಳೆಯ ವಾಲ್ವ್ ಆಂಪಿಗೆ ಸಿಕ್ಕಿಸಿದರು. ಬಟ್ಟೆ ಹರಿದು, ಮೂಲೆ ತರಿದು, ಮೇಲೆ ಚಹಾ ಲೋಟದ ಉಂಗುರಗಳು ಬಿದ್ದಿದ್ದ ಆಂಪು. ಬಿಸಿಯಾಗುವುದಕ್ಕೆ ಸ್ವಲ್ಪ ಹೊತ್ತು ಬೇಕು ಅದಕ್ಕೆ.

ಆ ಊರಿನಲ್ಲಿ ಗಿಟಾರ್ ಕೊಳ್ಳುವ ಪದ್ಧತಿಯೇ ಬೇರೆ. ನುಡಿಸುವವನಿಗೆ ತನ್ನ ಸದ್ದು ಸರಿಯಾಗಿ ಕೇಳುವುದಿಲ್ಲ ಅಂತ ಅವರ ನಂಬಿಕೆ. ಅದಕ್ಕೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗುತ್ತಾರೆ. ಒಬ್ಬರು ನುಡಿಸಬೇಕು, ಕೊಳ್ಳುವವನು ಬಾಗಿಲ ಬಳಿ ಬೀದಿಗೆ ಮುಖ ಮಾಡಿ ನಿಲ್ಲಬೇಕು. ಗಾಡಿಗಳ ಗಲಾಟೆಯ ನಡುವೆ ಬೆನ್ನಿಗೆ ತಟ್ಟುವ ಸದ್ದು ಯಾವುದೋ ಅದನ್ನೇ ಕೊಳ್ಳಬೇಕು. ಶಾನ್‌ಬೋರ್ ಎಷ್ಟೋ ಹುಡುಗರನ್ನು ಹಾಗೆ ನಿಲ್ಲಿಸಿ ತಾನು ನುಡಿಸಿದ್ದ.

"ನೀನೇ ನುಡಿಸು ಐಹುನ್. ಚಳಿಗೆ ನನ್ನ ಬೆರಳು ಮರಗಟ್ಟಿದೆ."

ಅವನು ಬಾಗಿಲಿಗೆ ಹೋಗಿ ನಿಂತ. ಎದುರಿಗೆ ಉಣ್ಣೆಯ ಟೋಪಿ ಮಾರುವವಳು ಗಿರಾಕಿಯ ಜೊತೆ ಜಗಳಕ್ಕೆ ನಿಂತಿದ್ದಳು. ಹಿಂದಿನಿಂದ ಮೊದಲ ಸ್ವರ ಬಂತು. ಆಮೇಲೆ ಅವನೇ ಅವಳಿಗೆ ಕಲಿಸಿದ್ದ ಒಂದು ನಿಧಾನದ ಹಾಡು. ಜಗಳದ ಮಾತು ಅವನಿಗೆ ಕೇಳಿಸದೇ ಹೋಯಿತು. ಸ್ವರ ಎದ್ದು, ತಡೆದು, ತುದಿಯಲ್ಲಿ ಸಣ್ಣಗೆ ನಡುಗಿ ನಿಂತುಕೊಳ್ಳುತ್ತಿತ್ತು, ಹೋಗಲು ಮನಸ್ಸಿಲ್ಲದ ಹಾಗೆ. ಎಷ್ಟು ವರ್ಷವಾಗಿತ್ತು ಆ ಸದ್ದು ಕೇಳಿ. ಮದುವೆಗೆ ಮುಂಚೆ, ಚರ್ಚಿನ ಅಂಗಳದಲ್ಲಿ ಮೆರಿಟಾ ತಿರುಗಿ ನೋಡಿದ್ದು ಇಂಥ ಸದ್ದಿಗೇ. ಅವನ ಕಣ್ಣು ತುಂಬಿತು. ಬೀದಿಗೆ ಮುಖ ಮಾಡಿದ್ದು ಒಳ್ಳೆಯದೇ ಆಯಿತು.

"ಕಟ್ಟಿಕೊಡು," ಎಂದ, ತಿರುಗದೆ.

ಕಿರ್ಮೆನ್ ಏನೋ ಹೇಳುವವನಂತೆ ಬಾಯಿ ತೆರೆದು, ವ್ಯಾಪಾರಿಯಾದ್ದರಿಂದ ಮುಚ್ಚಿಕೊಂಡ.

ಮನೆಗೆ ಬಂದು ಜೇನುಬಣ್ಣದ ಗಿಟಾರನ್ನು ತನ್ನ ಹಳೇ ಡಬ್ಬಿಗೆ ಸಿಕ್ಕಿಸಿ ಮೊದಲ ತಂತಿ ಮೀಟಿದಾಗಲೇ ಶಾನ್‌ಬೋರ್‌ಗೆ ತಿಳಿಯಿತು. ಅದೇ ಗಂಟಲು ಕಟ್ಟಿದ ಸದ್ದು. ಅದೇ ಗುಂಯ್. ಮೆರಿಟಾ ಅಡಿಗೆಮನೆಯಿಂದ ಬಂದು, ಸೆರಗಿನಂತೆ ಕಟ್ಟಿದ ಚೌಕಳಿ ವಸ್ತ್ರಕ್ಕೆ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಕೇಳಿದಳು.

"ಇದು ಹೊಸದಾ?"

"ಹೊಸದು."

"ಸರಿ," ಎಂದು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತನಗೆ ತಾನೇ ಬೈದುಕೊಂಡ. 'ಅಂಗಡಿಯ ಆಂಪಿಗೆ ಮರುಳಾಗಿ ಗಿಟಾರ್ ಕೊಳ್ಳಬೇಡಿ, ನಿಮ್ಮ ನಿಮ್ಮ ಡಬ್ಬಿ ಹೊತ್ತುಕೊಂಡು ಹೋಗಿ ಕೇಳಿ' ಎಂದು ಕಂಡಕಂಡ ಹುಡುಗರ ಕಿವಿ ಹಿಂಡಿ ಹೇಳಿದವನು ತಾನು. ಹದಿನೆಂಟರ ಹುಡುಗ ಮಾಡುವ ತಪ್ಪನ್ನು ಈ ವಯಸ್ಸಿನಲ್ಲಿ ಮಾಡಿದ್ದ. ಆ ಡಬ್ಬಿ ಹೊರುವಷ್ಟು ಬೆನ್ನು ಗಟ್ಟಿಯಿಲ್ಲ ಅನ್ನುವುದು ನಿಜವಾದ ಕಾರಣ. ಅದನ್ನು ಯಾರಿಗೆ ಹೇಳುವುದು?

ಮರುದಿನ ಹೊಸ ಗಿಟಾರ್ ಹೊತ್ತು ಒಬ್ಬನೇ ಅಂಗಡಿಗೆ ಹೋದ. ಕಿರ್ಮೆನ್‌ಗೆ ಅವನ ಮುಖ ನೋಡಿಯೇ ಗೊತ್ತಾಯಿತು.

"ಗಿಟಾರ್ ವಾಪಸ್ ತಗೋ. ಆ ಆಂಪ್ ಕೊಡು."

"ಯಾವ ಆಂಪ್? ಇದಾ? ಇದು ಮಾರೋದಲ್ಲಪ್ಪ."

"ಯಾಕೆ?"

"ಇದನ್ನ ಮಾರಿಬಿಟ್ರೆ ಗಿಟಾರ್‌ಗಳನ್ನ ಹೆಂಗೆ ಮಾರ್ಲಿ?"

ಶಾನ್‌ಬೋರ್‌ಗೆ ನಗು ಬಂತು, ಆ ವಾರದಲ್ಲಿ ಮೊದಲ ಸಲ. ನಗುತ್ತಲೇ ಕುಕ್ಕರಿಸಿ ಕೂತುಬಿಟ್ಟ. "ನಾನು ಇಲ್ಲಿಂದ ಏಳಲ್ಲ ಕಿರ್ಮೆನ್. ನನಗೆ ಜಗಳ ಆಡೋ ಶಕ್ತಿ ಇಲ್ಲ. ಕೂತಿರ್ತೀನಿ ಅಷ್ಟೆ. ಬಂದ ಗಿರಾಕಿಗೆಲ್ಲ ಈಗ ನೀನು ಹೇಳಿದ್ದನ್ನ ಹೇಳ್ತೀನಿ."

ಕಿರ್ಮೆನ್ ಅವನಿಗೆ ಇನ್ನೊಂದು ಎಲೆ ಮಡಚಿ ಕೊಟ್ಟ. ಕೆಂಪು ಚಹಾ ತರಿಸಿದ. ಒಬ್ಬ ಗಿರಾಕಿ ಬಂದ, ಶಾನ್‌ಬೋರ್ ಬಾಯಿ ತೆರೆದ, ಕಿರ್ಮೆನ್ ಸೋತ. "ಹೊತ್ಕೊಂಡ್ಹೋಗು ಮಾರಾಯಾ. ನಿನ್ನ ಶಿಷ್ಯರು ಎಷ್ಟೋ ಜನ ಇಲ್ಲಿ ದುಡ್ಡು ಸುರಿದಿದಾರೆ, ಅದಕ್ಕೆ."

ಅವನು ಇರುತ್ತಿದ್ದ ಹೆಂಡತಿಮನೆಯಲ್ಲಿ ಅತ್ತೆಗೆ ಹುಷಾರಿರಲಿಲ್ಲ, ಜೋರಾಗಿ ನುಡಿಸುವಂತಿರಲಿಲ್ಲ. ಹಳೇ ಗಿಟಾರ್ ಹೆಗಲಿಗೆ, ಆಂಪು ಟ್ಯಾಕ್ಸಿಗೆ ಹಾಕಿಕೊಂಡು ತಂಗಿಯ ಮನೆಗೆ ಹೋದ. ಸಿಲ್ಬಿ ಒಲೆಯ ಮುಂದೆ ಒಣಮೀನು ಸುಡುತ್ತಿದ್ದಳು.

"ಏನು ಬಾಹ್, ನಮ್ಮ ಮನೆ ಸೊತ್ತು ತಂದುಕೊಡೋಕೆ ಬಂದ್ಯಾ?"

"ಬಾಯ್ಮುಚ್ಕೊಂಡು ಮೀನು ನೋಡು, ಸೀಯ್ತಿದೆ."

ಐಹುನ್ ಗಿಟಾರಿನ ವೈರನ್ನು ಆಂಪಿಗೆ ಸಿಕ್ಕಿಸಿದಳು. ಆಂಪು ಬಿಸಿಯಾಗುವ ತನಕ ಶಾನ್‌ಬೋರ್ ಬೆರಳುಗಳನ್ನು ಒಲೆಯ ಹತ್ತಿರ ಚೆನ್ನಾಗಿ ಕಾಯಿಸಿದ. ಈ ಸಲ ಚಳಿಯ ನೆಪ ಬೇಡ ಎಂದುಕೊಂಡ. ನುಡಿಸಿದ.

ಗುಂಯ್ ಇರಲಿಲ್ಲ. ಸದ್ದು ಸ್ವಚ್ಛವಾಗಿ, ದುಂಡಗೆ ಬಂತು. ಆದರೆ ಅದು ಅಂಗಡಿಯಲ್ಲಿ ಕೇಳಿದ ಸದ್ದಲ್ಲ. ಸ್ವರಗಳು ಬಂದು ಬಂದು ಬೀಳುತ್ತಿದ್ದವು, ಒಂದೂ ನಿಲ್ಲುತ್ತಿರಲಿಲ್ಲ. ಗುಂಡಿ ತಿರುಗಿಸಿದ. ತಂತಿ ಬಿಗಿದ. ಆಂಪನ್ನು ಗೋಡೆಯಿಂದ ಈಚೆಗೆ ಎಳೆದ. ಮತ್ತೆ ನುಡಿಸಿದ, ಮತ್ತೆ ಗುಂಡಿ ತಿರುಗಿಸಿದ. ಸಿಲ್ಬಿ ಮೀನನ್ನು ಮಗುಚುತ್ತ ಬೆನ್ನು ತಿರುಗಿಸಿಕೊಂಡೇ ಇದ್ದಳು.

"ಸವೆದುಹೋಗಿದೆ ಇದು. ಗಿಟಾರೇ ಬೇಕಿತ್ತೇನೋ," ಎಂದ ಶಾನ್‌ಬೋರ್. "ನೀ ನೋಡೇ ಐಹುನ್."

ಕಾಲು ಹಿಡಿದಿತ್ತು. ಗಾಳಿಗೆಂದು ಎದ್ದು ಬಾಗಿಲ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತ. ಪಕ್ಕದ ಮನೆಯ ಕೋಳಿಗಳು ಅಂಗಳ ಕೆದಕುತ್ತಿದ್ದವು. ಹಿಂದಿನಿಂದ ಐಹುನ್ ಆ ನಿಧಾನದ ಹಾಡು ಎತ್ತಿಕೊಂಡಳು.

ಬಾಗಿದ ಕತ್ತು, ಸವೆದ ಗುಳಿಗಳು, ತುಕ್ಕು ಹಿಡಿದ ತಂತಿಗಳು, ಎಲ್ಲ ಇದ್ದ ಹಾಗೇ ಇದ್ದವು. ಸ್ವರ ಎದ್ದಿತು, ತಡೆಯಿತು, ತುದಿಯಲ್ಲಿ ಸಣ್ಣಗೆ ನಡುಗಿ ನಿಂತುಕೊಂಡಿತು.

ಶಾನ್‌ಬೋರ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಂಗಡಿಯಲ್ಲಿ ಅವನ ಬೆನ್ನಿಗೆ ತಟ್ಟಿದ್ದು ಜೇನುಬಣ್ಣದ ಗಿಟಾರಲ್ಲ, ಕಿರ್ಮೆನ್‌ನ ಆಂಪೂ ಅಲ್ಲ. ಅದನ್ನು ಯಾವ ಅಂಗಡಿಯಲ್ಲೂ ಕಟ್ಟಿಕೊಡುವುದಿಲ್ಲ. ಅವನಿಗೆ ಒಳ್ಳೇ ಹೊಟ್ಟೆಕಿಚ್ಚಾಯಿತು. ಸ್ವಂತ ತಂಗಿಯ ಮಗಳ ಮೇಲೆ, ತಾನೇ ಬೆರಳು ಹಿಡಿದು ಕಲಿಸಿದವಳ ಮೇಲೆ, ಉರಿದುಹೋಗುವಂಥ ಹೊಟ್ಟೆಕಿಚ್ಚು. ಆಮೇಲೆ ದುಃಖವಾಯಿತು. ಆಮೇಲೆ, ಹಾಡು ಇನ್ನೂ ಮುಗಿದಿರಲಿಲ್ಲವಾದ್ದರಿಂದ, ಕೇಳುತ್ತ ನಿಂತ. ಎಷ್ಟೋ ತಿಂಗಳಿಂದ ಬೆರಳಿನ ಗೆಣ್ಣುಗಳು ಬೆಳಿಗ್ಗೆ ಮಡಚಲು ಬಾರದೇ ಇದ್ದದ್ದನ್ನು ಅವನು ಡಬ್ಬಿಯ ತಲೆಗೆ, ತಂತಿಯ ತಲೆಗೆ, ಚಳಿಯ ತಲೆಗೆ ಕಟ್ಟುತ್ತ ಬಂದಿದ್ದ. ಹಾಗೆ ಕಟ್ಟುವುದಕ್ಕೂ ಈಗ ಬೇಸರ ಬಂದಿತ್ತು.

"ಶನಿವಾರ ಬಿಡುವಿದ್ಯೇನೇ?" ಎಂದ.

ಐಹುನ್ ನಿಲ್ಲಿಸಿದಳು. "ಮಾಮಾ, ಅವರು ಕರೆದಿರೋದು ನಿನ್ನ."

"ಅವರಿಗೆ ಬೇಕಾಗಿರೋದು ಸೌಂಡು. ಈ ಗಿಟಾರ್ ಈ ಮನೇದು. ಇನ್ನು ಇಲ್ಲೇ ಇರ್ಲಿ."

ಸಿಲ್ಬಿ ಈಗ ತಿರುಗಿದಳು. ಹೊಗೆಗೋ ಏನೋ ಕಣ್ಣು ಕೆಂಪಾಗಿತ್ತು. ಆ ಮನೆಯಲ್ಲಿ ಸೊತ್ತು ಹೆಂಗಸರದು, ತೀರ್ಮಾನದ ಮಾತು ಮಾತ್ರ ತಾಯಿಯ ಅಣ್ಣತಮ್ಮಂದಿರದು. ಒಮ್ಮೆ ಮಾಮ ಹೇಳಿದ ಮೇಲೆ ಅದನ್ನು ಯಾರೂ ಹಿಂದಕ್ಕೆ ತೆಗೆಯುವುದಿಲ್ಲ, ಸ್ವತಃ ಮಾಮನೂ.

"ಬಾಹ್, ಇದನ್ನ ಈ ಮನೆ ಮಾಮ ಆಗಿ ಹೇಳ್ತಿದೀಯಾ, ಇಲ್ಲಾ ಬೇಜಾರಾಗಿ ಹೇಳ್ತಿದೀಯಾ?"

ಅವನು ಬಾಗಿಲು ಬಿಟ್ಟು ಒಲೆಯ ಹತ್ತಿರ ಬಂದು ಕೂತ.

"ಎರಡೂ," ಎಂದ. "ಮೀನು ಹಾಕು, ಹಸಿವಾಗಿದೆ."

ಶನಿವಾರ ಹೋಟೆಲಿನ ಮೆಟ್ಟಿಲನ್ನು ಅವನು ಎರಡೆರಡು ಕಡೆ ನಿಂತು ಹತ್ತಿದ. ಅಷ್ಟು ಭಾರವಿತ್ತು ಆಂಪು. ಐಹುನ್ ಮುಂದೆ ಗಿಟಾರ್ ಹೊತ್ತು ಹೋಗುತ್ತ ಮೂರು ಸಲ ಕೈಯೊಡ್ಡಿದಳು, ಅವನು ಕೊಡಲಿಲ್ಲ. ಅವನ ಬ್ಯಾಂಡಿನ ಡ್ರಮ್ ಬಾರಿಸುವವನೂ ಬೇಸ್ ನುಡಿಸುವವನೂ ಅವಳನ್ನೂ ಅವನನ್ನೂ ನೋಡಿ ಜಾಗ ಮಾಡಿಕೊಟ್ಟರು. ಮೂವತ್ತು ವರ್ಷ ಜೊತೆಗಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಆಂಪನ್ನು ಗೋಡೆಯಿಂದ ಒಂದು ಗೇಣು ಈಚೆಗಿಟ್ಟು, ಗುಂಡಿಗಳನ್ನು ತಿರುಗಿಸಿ, ಬಿಸಿಯಾಗಲೆಂದು ಬಿಟ್ಟು, ಹೋಗಿ ಬಾಗಿಲ ಬಳಿ ಬೀದಿಗೆ ಮುಖ ಮಾಡಿ ನಿಂತ.

ಮ್ಯಾನೇಜರ್ ಹತ್ತಿರ ಬಂದ. ಒಳಗೆ ಹಾಡು ಶುರುವಾಗಿತ್ತು. ಊಟದ ಮೇಜುಗಳ ಮಾತು ಒಂದೊಂದಾಗಿ ನಿಲ್ಲುತ್ತಿತ್ತು.

"ಬಾಹ್ ಶಾನ್, ನಿಮ್ಮ ಗಿಟಾರ್ ಎಲ್ಲಿ?"

ಶಾನ್‌ಬೋರ್ ತಿರುಗಲಿಲ್ಲ. ಸೆಟೆದ ಬೆರಳುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡ.

"ದುಡ್ಡು ಒಂದಕ್ಕೇ ಇತ್ತು," ಎಂದ. "ಆಂಪ್ ತಗೊಂಡೆ."