ಮೂರನೆಯ ದಾರಿ

ವಿದೇಶಾಂಗ ಕಚೇರಿಯಿಂದ ಮಂತ್ರಿಗಳ ಮುಂದೆ ಹೋಗುವ ಯಾವ ಕಡತದಲ್ಲೂ ಮೂರು ದಾರಿಗಳಿರಬೇಕು. ಒಂದು ತೀರಾ ಮೆದು, ಒಂದು ತೀರಾ ಬಿರುಸು, ನಡುವಿನದು ಕಚೇರಿಗೆ ಬೇಕಾದದ್ದು. ಮಂತ್ರಿಗಳು ಕನ್ನಡಕ ಏರಿಸಿ, ಮೊದಲನೆಯದಕ್ಕೆ ಮೂಗು ಮುರಿದು, ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿ, ತಾವೇ ಕಂಡುಹಿಡಿದವರ ಹಾಗೆ ಎರಡನೆಯದಕ್ಕೆ ಸಹಿ ಹಾಕುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಈ ಕರಡುಗಳನ್ನು ಬರೆಯುತ್ತಿದ್ದವನು ಒಬ್ಬನೇ. ಅವನಿಗೆ ಮೂರ್ದಾರಿ ಎಂದೇ ಹೆಸರು ಬಿದ್ದಿತ್ತು. ಊಟಕ್ಕೆ ಏನು ತಂದಿದ್ದೀರಿ ಎಂದರೂ ಮೂರು ಉತ್ತರ ಕೊಡ್ತಾರೆ ಎಂದು ಟೈಪಿಸ್ಟ್ ಹೆಂಗಸರು ನಗುತ್ತಿದ್ದರು. ಅವನೂ ನಗುತ್ತಿದ್ದ. ಒಳಗೊಳಗೇ ಆ ಹೆಸರಿನ ಬಗ್ಗೆ ಅವನಿಗೆ ಜಂಬವಿತ್ತು.

ಆ ಸೋಮವಾರ ಬಂದದ್ದು ನಗುವ ಕಡತವಲ್ಲ. ಗಡಿಯಾಚೆಯ ಪರಮಾಣು ಕೇಂದ್ರದಿಂದ ಉಗ್ರರ ಗುಂಪೊಂದು ಆರು ಡಬ್ಬಿ ವಿಕಿರಣದ ಪುಡಿ ಕದ್ದು, ಅಲ್ಲಿಯ ಸಣ್ಣ ಊರೊಂದರ ಗೋದಾಮಿನಲ್ಲಿ ಬೀಡುಬಿಟ್ಟಿತ್ತು. ಈಚೆಯ ಜೈಲುಗಳಲ್ಲಿರುವ ತಮ್ಮವರನ್ನು ಹತ್ತು ದಿನದೊಳಗೆ ಬಿಡದಿದ್ದರೆ ಆ ಪುಡಿ ಗಡಿಯ ಈಚೆಯವರು ಕುಡಿಯುವ ನೀರಿಗೆ ಬೀಳುತ್ತದೆ ಎಂದು ಹೇಳಿಕಳಿಸಿದ್ದರು. ಆ ದೇಶದ ಸರ್ಕಾರ ಕೈಚೆಲ್ಲಿ ಕೂತಿತ್ತು. ಗೋದಾಮಿನ ಮೇಲೆ ಬಾಂಬು ಹಾಕುವಂತೆಯೂ ಇಲ್ಲ, ಪುಡಿ ಗಾಳಿಗೆ ಹಾರಿ ಎರಡು ದೇಶಗಳನ್ನೂ ಮುಗಿಸುತ್ತದೆ ಎಂದು ಸೇನೆಯವರು ಬರೆದಿದ್ದರು.

ಊರಿನ ಹೆಸರನ್ನು ಮೂರ್ದಾರಿ ಎರಡೆರಡು ಸಲ ಓದಿದ. ಅವನ ತಂಗಿ ಅದೇ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ಅಮ್ಮ ಹೋದಾಗ ಅವಳಿಗೆ ಏಳು ವರ್ಷ. ಸೊಟ್ಟಪಟ್ಟ ಜಡೆ ಹಾಕಿ ಶಾಲೆಗೆ ಕಳಿಸಿ, ಓದಿಸಿ, ನೌಕರಿಗೆ ಹಚ್ಚಿದವನು ಇವನೇ. ಈಗಲೂ ಪ್ರತಿ ಭಾನುವಾರ ಫೋನು ಮಾಡಿ ವಾರದ ವರದಿ ಒಪ್ಪಿಸುತ್ತಿದ್ದಳು. ನಿನ್ನೆಯೂ ಹೇಳಿದ್ದಳು: "ಎರಡು ಬೀದಿ ಆಚೆ ಗೋದಾಮಿಗೆ ಯಾರೋ ಹೊಸಬರು ಬಂದಿದ್ದಾರೆ ಕಣಣ್ಣ. ಎರಡು ಗಂಟೆ ಆಗೋದೇ ತಡ, ಒಬ್ಬನನ್ನ ಅಲ್ಲಿ ಬಿಟ್ಟು ಎಲ್ಲರೂ ನಮ್ಮ ಕ್ಯಾಂಟೀನಿಗೆ ಊಟಕ್ಕೆ ಬರ್ತಾರೆ. ತಿಂದ ತಟ್ಟೆ ಎತ್ತಿಡೋ ಬುದ್ಧಿನೂ ಇಲ್ಲ."

ಅವಳನ್ನು ಉಳಿಸಬೇಕಾದರೆ ಮಾತುಕತೆ ನಡೆಯಬೇಕು. ಮಾತುಕತೆ ನಡೆಯಬೇಕಾದರೆ ಅದು ಎರಡನೆಯ ದಾರಿಯಾಗಬೇಕು. ಅಷ್ಟು ಅವನಿಗೆ ನೀರು ಕುಡಿದಷ್ಟು ಸುಲಭ. ಮೊದಲನೆಯದಾಗಿ, ಕೇಳಿದ ಎಲ್ಲ ಕೈದಿಗಳನ್ನೂ ಇವತ್ತೇ ಬಿಡುವುದು ಎಂದು ಬರೆದ. ಯಾವ ಮಂತ್ರಿಯೂ ಒಪ್ಪುವ ಮಾತಲ್ಲ. ಎರಡನೆಯದಾಗಿ, ಬೇರೊಂದು ದೇಶವನ್ನು ನಡುವೆ ಇಟ್ಟುಕೊಂಡು ಮಾತಾಡುವುದು. ಮೂರನೆಯದು ಮನುಷ್ಯನಾದವನು ಮುಟ್ಟಲಾರದಂಥದ್ದಾಗಬೇಕಿತ್ತು. ಅದಕ್ಕೆ ಅವನು ತಂಗಿಯ ಮಾತನ್ನೇ ಎತ್ತಿಕೊಂಡ. ಎರಡು ಗಂಟೆಗೆ ಆಸ್ಪತ್ರೆಯ ಕ್ಯಾಂಟೀನಿನ ಮೇಲೆ ಬಾಂಬು; ಆಗ ಅಲ್ಲಿ ಹದಿನಾಲ್ಕು ಉಗ್ರರು. ಅದೇ ಹೊತ್ತಿಗೆ ಪಾಳಿ ಬದಲಾಗುವುದರಿಂದ ಎರಡೂ ಪಾಳಿಯ ನರ್ಸುಗಳು, ತೊಂಬತ್ತು ಹಾಸಿಗೆ, ಕ್ಯಾಂಟೀನಿನ ನೆತ್ತಿಯ ಮೇಲೇ ಮಕ್ಕಳ ವಾರ್ಡು. ಬರೆದದ್ದನ್ನು ಮತ್ತೆ ಓದಿದಾಗ ಅವನಿಗೇ ಹೇಸಿಗೆಯಾಯಿತು. ಇದನ್ನು ಯಾರೂ ಆರಿಸಲಾರರು ಎಂದು ಸಮಾಧಾನವೂ ಆಯಿತು. ಸಂಜೆ ಐದಕ್ಕೆ ಕಡತ ಮೇಲೆ ಹೋಯಿತು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯದರ್ಶಿ ಕರೆಸಿದರು. ಎದ್ದು ಬಂದು ಬೆನ್ನು ತಟ್ಟಿದರು. ಇಷ್ಟು ವರ್ಷಗಳಲ್ಲಿ ಅದು ಮೊದಲ ಸಲ.

"ಮೂರನೇದಕ್ಕೆ ಸಹಿ ಬಿತ್ತು ಕಣ್ರೀ. ಸೇನೆಯವರೇ ದಂಗಾಗಿಬಿಟ್ರು. ಪುಡಿ ಒಂದು ಕಡೆ, ಜನ ಒಂದು ಕಡೆ! ಇದು ನಮ್ಮ ತಲೆಗೆ ಹೊಳೀಲಿಲ್ವಲ್ಲ ಅಂದ್ರು. ಗೋದಾಮಿನಲ್ಲಿ ಉಳಿಯೋನೊಬ್ಬನನ್ನ ಕಮಾಂಡೋಗಳು ನೋಡ್ಕೋತಾರೆ. ಇವತ್ತೇ, ಎರಡು ಗಂಟೆಗೆ."

"ಸಾರ್, ಅದು ಆರಿಸೋಕೆ ಬರೆದಿದ್ದಲ್ಲ."

"ಮತ್ಯಾಕೆ ಅಷ್ಟು ಚೆನ್ನಾಗಿ ಬರೆದ್ರಿ?"

"ನನ್ನ ತಂಗಿ ಆ ಆಸ್ಪತ್ರೇಲಿದ್ದಾಳೆ, ಸಾರ್."

"ಗೊತ್ತು. ನಿನ್ನೆ ರಾತ್ರಿನೇ ವಿಚಾರಿಸಿದ್ವಿ. ಇಲ್ಲದಿದ್ರೆ ನಿಮ್ಮ ಲೆಕ್ಕ ಇಷ್ಟು ಖಚಿತ ಅಂತ ನಂಬೋದು ಹೇಗೆ?" ಎಂದು ಕಾರ್ಯದರ್ಶಿ ಅವನ ಮೊಬೈಲು ಇಸಕೊಂಡು ಮೇಜಿನ ಮೇಲಿಟ್ಟರು. "ಎರಡೂಕಾಲು ಗಂಟೆವರೆಗೆ ಇಲ್ಲೇ ಕೂತಿರಿ. ಕಾಫಿ ತರಿಸ್ಲಾ?"

ಅವನು ಕೂತ. ಕಾಲು ಹಿಡಿಯಬಹುದಿತ್ತು, ಕಿರುಚಬಹುದಿತ್ತು. ಬಂದ ಕಾಫಿಯನ್ನು ಕುಡಿದ.

ಒಂದು ಗಂಟೆಗೆ ಐದು ನಿಮಿಷ ಇದೆ ಎನ್ನುವಾಗ ಮೊಬೈಲು ಬಡಿದುಕೊಂಡಿತು. ತಂಗಿಯದೇ. ಎತ್ತದಿದ್ದರೆ ಅನುಮಾನ ಬರುತ್ತದೆ ಎಂದ ಕಾರ್ಯದರ್ಶಿ, ಎತ್ತುವ ಮೊದಲು ಹೇಳಿದರು: "ಬೇರೆ ಮಾತು ಬಂದ್ರೆ ದೇಶದ್ರೋಹ. ನೇರ ಜೈಲು." ಆಮೇಲೆ ಸ್ಪೀಕರಿಗೆ ಹಾಕಿ, ಕಟ್ ಮಾಡುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡರು.

"ಅಣ್ಣ, ಇಲ್ಲಿ ಏನೇನೋ ಸುದ್ದಿ. ಕೆಲವರು ಊರೇ ಬಿಡ್ತಿದ್ದಾರೆ. ನಂಗೆ ಎರಡು ಗಂಟೆ ಪಾಳಿ. ರಜೆ ಹಾಕಿ ಬಸ್ಸು ಹತ್ತಿಬಿಡ್ಲಾ? ನೀನು ದೊಡ್ಡ ಆಫೀಸಲ್ಲಿದ್ದೀಯ, ನಿಂಗೆ ಗೊತ್ತಿರುತ್ತೆ."

ಹೊರಟು ಬಾ ಎಂದರೆ ಸಾಕಿತ್ತು. ಬೆರಳು ಗುಂಡಿ ಒತ್ತುವಷ್ಟರಲ್ಲಿ ಆ ಎರಡು ಮಾತು ಅವಳ ಕಿವಿ ಸೇರುತ್ತಿದ್ದವು. ಆಗ ಅವನಿಗೆ ವಿಷದ ನೀರು ಕುಡಿಯಬೇಕಾದ ಲಕ್ಷ ಜನ ನೆನಪಾದರು ಎಂದು ಹೇಳಿದರೆ ಶುದ್ಧ ಸುಳ್ಳು. ನೆನಪಾದದ್ದು ಜೈಲು. ಅವನಿಗೆ ಹೆದರಿಕೆಯಾಯಿತು, ಅಷ್ಟೇ.

"ಏನಿಲ್ಲ ಪುಟ್ಟಿ. ಬರೀ ಗಾಳಿಸುದ್ದಿ. ಡ್ಯೂಟಿಗೆ ಹೋಗು."

"ಅಬ್ಬಾ! ನೀನೇ ಹೇಳಿದ್ಮೇಲೆ ಇನ್ನೇನು. ನಮ್ಮ ಹುಡುಗೀರಿಗೂ ಹೇಳ್ತೀನಿ ಇರು, ನಾಲ್ಕು ಜನ ಬ್ಯಾಗು ಕಟ್ಕೊಂಡು ಕೂತಿದ್ದಾರೆ, ಪಾಪ. ಎಲ್ಲರನ್ನೂ ಕರ್ಕೊಂಡೇ ಹೋಗ್ತೀನಿ."

ಫೋನು ಅವಳೇ ಇಟ್ಟಳು. "ತುಂಬಾ ಸಹಜವಾಗಿ ಮಾತಾಡಿದ್ರಿ," ಎಂದರು ಕಾರ್ಯದರ್ಶಿ.

ಎರಡು ಹತ್ತಕ್ಕೆ ಮೇಜಿನ ಮೇಲಿನ ಇನ್ನೊಂದು ಫೋನು ಬಡಿದುಕೊಂಡಿತು. ಕಾರ್ಯದರ್ಶಿ ಕೇಳಿಸಿಕೊಂಡು, "ಒಳ್ಳೇದು" ಎಂದು ಇಟ್ಟರು. ಆಮೇಲೆ ಮೂರ್ದಾರಿಯ ಮೊಬೈಲನ್ನು ಕರವಸ್ತ್ರದಿಂದ ಒರೆಸಿ ಅವನ ಕೈಗೆ ಕೊಟ್ಟರು.

"ಇನ್ನು ನೀವು ಯಾರಿಗೆ ಬೇಕಾದ್ರೂ ಫೋನ್ ಮಾಡ್ಬಹುದು."